ಪರಿಷೆ ಸೋಮವಾರವೇ ಮಾವನವರ ಡಯಾಲಿಸಿಸ್. ಈ ಅರ್ಜಿಗೆ ಸಹಿ ಹಾಕಲೋ ಬೇಡವೋ?

ನಾಲ್ಕನೇ ಮನೆ ಸೊಸೆ ಕೇಳಿದ್ದು:

ನಮ್ಮ ಮನೆ ಬೆಂಗಳೂರಿನ ಬಸವನಗುಡಿಯಲ್ಲಿ, ಬುಲ್ ಟೆಂಪಲ್ ರಸ್ತೆಯಿಂದ ಹನುಮಂತನಗರದ ಕಡೆಗೆ ಹೋಗುವ ಒಂದು ಕ್ರಾಸಿನಲ್ಲಿದೆ. ಮೂಲೆಯಿಂದ ನಾಲ್ಕನೆಯದು. ದೊಡ್ಡ ಬಸವಣ್ಣನ ಗುಡಿಯ ಕಡಲೆಕಾಯಿ ಪರಿಷೆಗೆ, ಅಂದರೆ ಜಾತ್ರೆಗೆ, ನಾವು ಹೋಗಬೇಕಾಗಿಲ್ಲ, ಅದೇ ನಮ್ಮ ಗೇಟಿನ ಮುಂದೆ ಬಂದು ಕೂರುತ್ತದೆ.

ಮೊನ್ನೆ ಬೀದಿಯ ಅಸೋಸಿಯೇಷನ್‌ನವರು ಒಂದು ಅರ್ಜಿ ಹಿಡಿದುಕೊಂಡು ಬಂದರು. ಪರಿಷೆಯನ್ನು ರಸ್ತೆಯಿಂದ ತೆಗೆದು ನ್ಯಾಷನಲ್ ಕಾಲೇಜು ಮೈದಾನದಂಥ ಯಾವುದಾದರೂ ಬಯಲಿಗೆ ಹಾಕಬೇಕಂತೆ. "ನಿಮ್ಮ ಮನೇಲಿ ಪೇಷಂಟ್ ಇದ್ದಾರೆ, ನಿಮ್ಮ ಸಹಿ ಮೊದಲು ಬೇಕು" ಅಂದರು. ಓದಿ ಕೊಡುತ್ತೇನೆ ಅಂತ ಇಟ್ಟುಕೊಂಡೆ. ಫ್ರಿಜ್ಜಿನ ಮೇಲಿದೆ. ಅತ್ತೆ ದಿನಾ ಅದನ್ನು ನೋಡುತ್ತಾರೆ, ಹಾಲು ತೆಗೆದುಕೊಂಡು ಹೋಗುತ್ತಾರೆ, ಒಂದು ಮಾತೂ ಆಡುವುದಿಲ್ಲ. ಅವರು ಮಾತಾಡದೇ ಇದ್ದರೆ ವಿಷಯ ದೊಡ್ಡದು ಅಂತ ಅರ್ಥ.

ಮಾವನವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೋಮ, ಬುಧ, ಶುಕ್ರ. ಪರಿಷೆ ಕಾರ್ತಿಕದ ಕಡೇ ಸೋಮವಾರ. ಯಾವ ವರ್ಷ ನೋಡಿದರೂ ಸೋಮವಾರವೇ, ತಪ್ಪಿಸಿಕೊಳ್ಳಲು ದಾರಿಯಿಲ್ಲ. 2025ರಲ್ಲಿ ನವೆಂಬರ್ 17ರಿಂದ 21ರ ತನಕ ಐದು ದಿನ ಮಾಡಿದರಲ್ಲ, ಆಗಂತೂ ಮೂರೂ ಡಯಾಲಿಸಿಸ್ ಅದರೊಳಗೇ ಬಿತ್ತು. ಹೋಗುವಾಗ ಹೇಗೋ ಹೋದೆವು. ಬರುವಾಗ ಆಟೋದವರು ರಾಮಕೃಷ್ಣ ಆಶ್ರಮದ ಸರ್ಕಲ್‌ನಲ್ಲೇ ಇಳಿಸಿಬಿಟ್ಟರು. ಮುಂದೆ ಬಿಡುವುದಿಲ್ಲ ಅಂತ ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ನಾಲ್ಕು ಗಂಟೆ ಮಷೀನಿನ ಮೇಲಿದ್ದು ಬಂದವರಿಗೆ ಬಿಪಿ ಇಳಿದಿರುತ್ತದೆ, ಕಾಲು ಎತ್ತಿ ಇಡುವುದೇ ಕಷ್ಟ. ನಾನು ಒಂದು ಕಡೆ, ನನ್ನ ಮಗ ಒಂದು ಕಡೆ ಹಿಡಿದುಕೊಂಡು ಆ ಜನರ ನಡುವೆ ನಡೆಸಿಕೊಂಡು ಬಂದೆವು. ಅರ್ಧ ದಾರಿಯಲ್ಲಿ ಯಾವನೋ ಹುಡುಗ ಸರಿಯಾಗಿ ಅವರ ಕಿವಿಗೇ ಪೀಪಿ ಊದಿದ. ಮಾವ ನನ್ನ ಭುಜ ಹಿಡಿದುಕೊಂಡ ಹಿಡಿತ ರಾತ್ರಿಯವರೆಗೂ ನೋಯುತ್ತಿತ್ತು. ಹುರಿಗಡಲೆಕಾಯಿ ಮಾರುತ್ತಿದ್ದ ಒಬ್ಬರು ತಾವು ಕೂತಿದ್ದ ಸ್ಟೂಲ್ ಎಳೆದು ಕೊಟ್ಟು, "ಕೂರಿ ಯಜಮಾನ್ರೇ" ಅಂದರು. ಆ ಪೀಪಿಯೂ ಪರಿಷೆಯದೇ, ಈ ಸ್ಟೂಲೂ ಪರಿಷೆಯದೇ. ನನ್ನ ತಲೆಬಿಸಿ ಇರುವುದು ಇಲ್ಲೇ.

ನಾನು ಹಾಸನದ ಕಡೆಯವಳು. 2008ರಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ಮೊದಲ ವರ್ಷ ಪರಿಷೆ ನೋಡಿ ಹುಚ್ಚು ಹಿಡಿದ ಹಾಗೆ ತಿರುಗಾಡಿದ್ದೆ. ಬೆಂಡು, ಬತ್ತಾಸು, ಕಲ್ಯಾಣಸೇವೆ, ಬಳೆ, ಮಣ್ಣಿನ ಬೊಂಬೆ. ಈಗಲೂ ಮರಳಿನಲ್ಲಿ ಕಡಲೆಕಾಯಿ ಹುರಿಯುವ ವಾಸನೆ ಕಿಟಕಿಯಲ್ಲಿ ಬಂದರೆ ಅಡುಗೆಮನೆಯಲ್ಲಿ ನಿಲ್ಲಲು ಆಗುವುದಿಲ್ಲ. ಮಾಗಡಿ ಕಡೆಯ ಒಬ್ಬ ಅಜ್ಜಿ ವರ್ಷ ವರ್ಷ ನಮ್ಮ ಕಾಂಪೌಂಡಿಗೆ ಒರಗಿಕೊಂಡು ಗೋಣಿತಾಟು ಹಾಸುತ್ತಾರೆ. ಅವರ ಬೋಣಿ ನಮ್ಮ ಅತ್ತೆಯದೇ ಆಗಬೇಕು. ಬೆಳಿಗ್ಗೆ ಕಾಫಿ ನಮ್ಮ ಮನೆಯಿಂದ, ಹಿತ್ತಲಿನ ಬಚ್ಚಲೂ ಅವರಿಗೇ. ಇದನ್ನು ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ, ಹಾಗೇ ನಡೆದು ಬಂದಿದೆ. ಅರ್ಜಿಗೆ ಸಹಿ ಹಾಕಿ ಅವರ ಮುಖ ಹೇಗೆ ನೋಡಲಿ?

ಮಾವನವರನ್ನೇ ಕೇಳಿದೆ. "ನನಗೇನು ಕೇಳ್ತೀಯ, ಒಂದು ಕಾಯಿ ತಿನ್ನೋಕೂ ಬಿಡಲ್ಲ" ಅಂತ ಮುಖ ತಿರುಗಿಸಿದರು. ಪೊಟ್ಯಾಸಿಯಮ್, ರಂಜಕ ಜಾಸ್ತಿ ಅಂತ ಡಾಕ್ಟರು ಕಡಲೆಕಾಯಿ ಬೇಡ ಅಂದಿದ್ದಾರೆ. ಉಪ್ಪು ಹಾಕಿ ಬೇಯಿಸಿದ್ದಂತೂ ಕೇಳಲೇಬೇಡಿ, ಆಮೇಲೆ ನೀರು ನೀರು ಅಂತಾರೆ, ನೀರಿಗೂ ಲೆಕ್ಕ. ಐದು ದಿನ ಆ ವಾಸನೆಯಲ್ಲಿ ಅವರನ್ನು ಕೂರಿಸಿಕೊಂಡು ಕಾಯುವುದು ಬೇರೆಯೇ ಕೆಲಸ.

ಇನ್ನೊಂದು ವಿಷಯ ಹೇಳದಿದ್ದರೆ ಹೊಟ್ಟೆ ಉರಿ ಇಳಿಯುವುದಿಲ್ಲ. ಅರ್ಜಿ ತಂದವರಲ್ಲಿ ಮುಂದೆ ನಿಂತವರು ನಮ್ಮ ಬೀದಿಯ ಒಬ್ಬ ಅಂಕಲ್. ಪರಿಷೆ ಬಂದರೆ ಇವರ ಕಾರ್‌ಶೆಡ್ಡಿನಲ್ಲಿ ಬಳೆ ಅಂಗಡಿ, ಗೇಟಿನ ಮುಂದೆ ಬೈಕ್ ಪಾರ್ಕಿಂಗ್, ಗಾಡಿಗೆ ಮೂವತ್ತು ರೂಪಾಯಿ. ನಿಲ್ಲಿಸಿದ ಗಾಡಿಗಳ ಸಾಲು ನಮ್ಮ ಗೇಟಿನ ತನಕ ಬರುತ್ತದೆ. ಅವರೇ ಈಗ "ಟ್ರಾಫಿಕ್ ತಡೆಯೋಕಾಗಲ್ಲಮ್ಮ" ಅನ್ನುತ್ತಾರೆ.

ಸುತ್ತಮುತ್ತ ಇರುವವರು ಹೇಳಿ. ಮನೆಯಲ್ಲಿ ರೋಗಿಗಳನ್ನು ಇಟ್ಟುಕೊಂಡು ಆ ವಾರ ಹೇಗೆ ನಿಭಾಯಿಸುತ್ತೀರಿ? ಸಹಿ ಹಾಕುತ್ತಿದ್ದಿರಾ?

ಗವಿಪುರದ ಹಳಬ ಉತ್ತರ:

ಸಹಿ ಹಾಕಬೇಡಿ ತಾಯಿ. ಕಾರಣ ಹೇಳುತ್ತೇನೆ.

ಪರಿಷೆ ನಮ್ಮ ಮನೆಗಳ ಮುಂದೆ ಬಂದದ್ದಲ್ಲ, ನಮ್ಮ ಮನೆಗಳು ಪರಿಷೆಯ ಮುಂದೆ ಬಂದವು. ಬಸವನಗುಡಿ ಬಡಾವಣೆ ಆಗಿದ್ದು 1898ರ ಪ್ಲೇಗಿನ ಕಾಲಕ್ಕೆ, ಪೇಟೆಯ ಜನ ಗಾಳಿ ಬೆಳಕು ಬೇಕು ಅಂತ ಹೊರಗೆ ಬಂದಾಗ. ಅದಕ್ಕೆ ಮೊದಲು ಇದು ಸುಂಕೇನಹಳ್ಳಿ. ಹೊಲ, ಬಂಡೆ, ದೊಡ್ಡ ಬಸವಣ್ಣ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ಹೊಸಕೆರೆಹಳ್ಳಿ ಕಡೆಯ ರೈತರು ಮೊದಲ ಬೆಳೆ ತಂದು ಬಸವಣ್ಣನಿಗೆ ಒಪ್ಪಿಸುತ್ತಿದ್ದರು. ಹೋರಿ ರಾತ್ರಿ ಬಂದು ಕಡಲೆಕಾಯಿ ತಿಂದು ಹೋಗುತ್ತಿತ್ತು ಅನ್ನುವ ಕತೆ ನಿಮಗೆ ಅತ್ತೆಯೇ ಹೇಳಿರುತ್ತಾರೆ. ಆ ಹೊಲಗಳ ಮೇಲೆ ಸೈಟು ಮಾಡಿಕೊಂಡವರು ನಾವು. ಈಗ ರೈತರಿಗೆ ಬೇರೆ ಬಯಲಿಗೆ ಹೋಗಿ ಅಂದರೆ ಯಾವ ಬಾಯಲ್ಲಿ ಅನ್ನುವುದು?

ಜನ ಇಲ್ಲಿಗೆ ಬರುವುದು ದೊಡ್ಡ ಗಣಪತಿಗೆ ಕೈಮುಗಿದು, ಮೇಲೆ ಹತ್ತಿ ಬಸವಣ್ಣನನ್ನು ನೋಡಿ, ಇಳಿದು ಬಂದು ಒಂದು ಸೇರು ಕಡಲೆಕಾಯಿ ಕೊಳ್ಳುವುದಕ್ಕೆ. ದೇವರನ್ನು ಇಲ್ಲಿ ಬಿಟ್ಟು ಕಡಲೆಕಾಯಿಯನ್ನು ಮೈದಾನಕ್ಕೆ ಒಯ್ದರೆ ಅದು ಎಕ್ಸಿಬಿಷನ್ ಆಗುತ್ತದೆ.

ನಿಮ್ಮ ಮಾವನವರ ವಿಷಯ ಬೇರೆ. ಪರಿಷೆಗೆ ಒಂದು ವಾರ ಮುಂಚೆ ಸಂಚಾರ ಪೊಲೀಸ್ ಠಾಣೆಗೆ ನೀವೇ ಹೋಗಿ. ಡಯಾಲಿಸಿಸ್ ಚೀಟಿ, ಆಧಾರ್, ಗಾಡಿ ನಂಬರ್ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಸೀಲ್ ಹಾಕಿಸಿಕೊಳ್ಳಿ. ಬ್ಯಾರಿಕೇಡ್ ಹತ್ತಿರ ನಿಂತ ಹುಡುಗನಿಗೆ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ದಿನಾ ಬೇರೆ ಬೇರೆಯವರನ್ನು ಹಾಕಿರುತ್ತಾರೆ, ಅವರಿಗೂ ಏನು ಗೊತ್ತಿರುತ್ತದೆ. ಕಾಗದ ತೋರಿಸಿದರೆ ಬಿಡುತ್ತಾರೆ. ನನ್ನ ಹೆಂಡತಿಗೆ ಬೆನ್ನು ಆಪರೇಷನ್ ಆದ ವರ್ಷ ಹೀಗೇ ಮಾಡಿದ್ದೆ.

ಮೂರನೇ ಮಹಡಿ ಬಾಡಿಗೆದಾರ ಉತ್ತರ:

ಹಳಬರೇ, ಒಂದು ಸಣ್ಣ ಅನುಮಾನ. ದೇವಸ್ಥಾನ 1537ರದ್ದು, ಪರಿಷೆಯೂ ಆವಾಗಿನದೇ ಅಂತ ಎಲ್ಲರೂ ಹೇಳುತ್ತಾರೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಅಲ್ಲಿಂದ ಹಡಗಿನಲ್ಲಿ ಬಂದು ಸುಂಕೇನಹಳ್ಳಿ ಹೊಲಕ್ಕೆ ಇಳಿದು, ಹೋರಿಗೆ ರುಚಿ ಹತ್ತುವಷ್ಟರಲ್ಲಿ ಎಷ್ಟು ಕಾಲ ಆಗಿರಬೇಡ? ಸುಮ್ನೆ ಕೇಳಿದೆ. ಬೈಯಬೇಡಿ.

ನಾನು ಸಹಿ ಹಾಕುತ್ತೇನೆ. ನನ್ನದು ರಾತ್ರಿ ಪಾಳಿ ಕೆಲಸ, ಬೆಳಿಗ್ಗೆ ಆರಕ್ಕೆ ಮಲಗಬೇಕು. ಆ ವಾರ ಹಗಲೆಲ್ಲ ಪೀಪಿ, ರಾತ್ರಿ ಹನ್ನೊಂದಾದರೂ ಸ್ಪೀಕರ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ಹಬ್ಬ ಹರಿದಿನಕ್ಕೆ ಸರ್ಕಾರ ಮಧ್ಯರಾತ್ರಿ 12ರವರೆಗೆ ರಿಯಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರಬಾರದು. 112ಕ್ಕೆ ಫೋನ್ ಮಾಡಿದ್ದೆ. ಬಂದರು, ಸೌಂಡ್ ಇಳಿಸಿದರು. ಅವರು ತಿರುವು ದಾಟುವಷ್ಟರಲ್ಲಿ ಮತ್ತೆ ಏರಿತು.

ನನಗೆ ರೈತರ ಮೇಲೆ ಸಿಟ್ಟಿಲ್ಲ. ಒಂದು ರೌಂಡು ಹೊಡೆದು ಎಣಿಸಿ ನೋಡಿ. ಕಡಲೆಕಾಯಿ ರಾಶಿ ಎಷ್ಟು, ಮೊಬೈಲ್ ಕವರ್, ಟ್ಯಾಟೂ, ಗೋಬಿ ಮಂಚೂರಿ, ಪ್ಲಾಸ್ಟಿಕ್ ಪೀಪಿ ಎಷ್ಟು ಅಂತ. "ಪರಿಷೆಗೆ ಬನ್ನಿ, ಕೈಚೀಲ ತನ್ನಿ" ಅಂತ ಬ್ಯಾನರ್ ಕಟ್ಟಿರುತ್ತಾರೆ, ಅದರ ಕೆಳಗೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಡುತ್ತಿರುತ್ತಾರೆ. ಮಾರನೇ ದಿನ ಬೆಳಗಿನ ಜಾವ ಪೌರಕಾರ್ಮಿಕರು ಅದನ್ನೆಲ್ಲ ಗುಡಿಸುವುದನ್ನು ನೋಡಿ ಯಾರಿಗೂ ಬೇಜಾರಾಗುವುದಿಲ್ಲವಾ? ಒಂದು ದಿನದ ಪರಿಷೆ ಆಗಿದ್ದರೆ ನಾನೂ ಬಾಯಿ ಮುಚ್ಚಿಕೊಂಡು ಕಡಲೆಕಾಯಿ ತಿನ್ನುತ್ತಿದ್ದೆ.

ಸೊಸೆ ಅವರೇ, ನಿಮ್ಮ ಅಂಕಲ್ ತರಹದವರು ನಮ್ಮ ಬಿಲ್ಡಿಂಗಿನಲ್ಲೂ ಇದ್ದಾರೆ. ನಮ್ಮ ಓನರ್. ಇಷ್ಟೇ ಹೇಳುತ್ತೇನೆ, ಜಾಸ್ತಿ ಹೇಳಿದರೆ ಬಾಡಿಗೆ ಏರುತ್ತದೆ.

ಗೋಣಿಚೀಲ ಉತ್ತರ:

ನಾನು ಆ ಕಡೆಯವನು. ಅಂದರೆ ಗೇಟಿನ ಆ ಕಡೆಯವನು. ನಮ್ಮದು ಚಿಂತಾಮಣಿ ಹತ್ತಿರ. ಅಪ್ಪ ಅಮ್ಮ ಇಬ್ಬರೂ ಪರಿಷೆಗೆ ಬರುತ್ತಾರೆ. ಚಿಕ್ಕವನಿದ್ದಾಗಿನಿಂದ ನಾನೂ ಅವರ ಜೊತೆ ಅದೇ ಫುಟ್‌ಪಾತಿನಲ್ಲಿ ಮಲಗಿದ್ದೇನೆ. ಈಗ ಪೀಣ್ಯದಲ್ಲಿ ಕೆಲಸ, ಆ ಸೋಮವಾರ ರಜೆ ಹಾಕುತ್ತೇನೆ.

ಕೆಲವು ವಿಷಯ ಹೇಳಬೇಕು. ಅಲ್ಲಿ ಕೂತವರೆಲ್ಲ ರೈತರಲ್ಲ, ನಿಜ. ಎಷ್ಟೋ ಜನ ಮಂಡಿಯಿಂದ ಮೂಟೆ ತಂದು ಮಾರುತ್ತಾರೆ. ತಮಿಳುನಾಡು, ಆಂಧ್ರದಿಂದಲೂ ಬರುತ್ತಾರೆ. ಬಾದಾಮಿ, ಸಾಮ್ರಾಟ್, ಗಡಂಗ್ ಅಂತ ತಳಿ ಕೇಳಿಕೊಂಡು ಬರುವ ಗಿರಾಕಿ ಈಗ ಕಡಿಮೆ. "ಹಸಿ ಎಷ್ಟು, ಹುರಿದದ್ದು ಎಷ್ಟು" ಅಷ್ಟೇ. ನಮ್ಮದು ಸ್ವಂತ ಹೊಲದ್ದು ಒಂದಿಷ್ಟು, ಕೊಂಡು ತಂದದ್ದು ಒಂದಿಷ್ಟು. ಅಪ್ಪ ಎರಡನ್ನೂ ಬೇರೆ ಬೇರೆ ರಾಶಿ ಹಾಕುತ್ತಾರೆ. ಯಾರೂ ಕೇಳುವುದಿಲ್ಲ, ಆದರೂ ಹಾಕುತ್ತಾರೆ.

2024ರಲ್ಲಿ ಸುಂಕ ತೆಗೆದರು. ನಮಗೆ ಅದು ದೊಡ್ಡದೇ. ಆದರೆ ನಿಜವಾದ ಖರ್ಚು ಸುಂಕ ಅಲ್ಲ. ಟೆಂಪೋ ಬಾಡಿಗೆ, ಊಟ, ಆಮೇಲೆ ಮಳೆ. ನವೆಂಬರ್‌ನಲ್ಲಿ ಸಮುದ್ರದ ಕಡೆ ಚಂಡಮಾರುತ ಎದ್ದರೆ ಇಲ್ಲಿ ಜಡಿ ಹಿಡಿಯುತ್ತದೆ. ನೆಂದ ಕಾಯಿ ಕಪ್ಪಾಗುತ್ತದೆ, ಹುರಿದರೆ ಮುಗ್ಗು ವಾಸನೆ. ಟಾರ್ಪಾಲಿನ್ ಹೊದಿಸಿ ಅದರ ಮೇಲೆ ನಾವು ನೆನೆಯುತ್ತೇವೆ. ಐದು ದಿನ ಮಾಡಿದ್ದಕ್ಕೆ ಒಂದು ಲಾಭ ಅದೇ. ಒಂದು ದಿನ ಮಳೆ ಬಂದರೆ ಇನ್ನೊಂದು ದಿನ ಇದೆ. ಮೊದಲು ಸೋಮವಾರ ಮಳೆ ಬಂದರೆ ಮುಗಿಯಿತು, ಮೂಟೆ ವಾಪಸ್.

ಶೌಚಾಲಯದ ಮಾತು ಯಾರೂ ಎತ್ತಲಿಲ್ಲ. ಗಂಡಸರು ಹೇಗೋ. ನಮ್ಮಮ್ಮ ಪರಿಷೆ ದಿನ ಮಧ್ಯಾಹ್ನದ ತನಕ ನೀರೇ ಕುಡಿಯುವುದಿಲ್ಲ. ಮೊಬೈಲ್ ಟಾಯ್ಲೆಟ್ ಇಟ್ಟಿರುತ್ತಾರೆ, ರಾಶಿ ಬಿಟ್ಟು ಅಷ್ಟು ದೂರ ಹೋದರೆ ಕಾಯುವವರು ಯಾರು? ನಿಮ್ಮ ಅತ್ತೆ ಆ ಅಜ್ಜಿಗೆ ಬಚ್ಚಲು ಬಿಟ್ಟಿದ್ದಾರಲ್ಲ, ಅದು ಕಾಫಿಗಿಂತ ದೊಡ್ಡದು. ಅತ್ತೆಯವರಿಗೆ ಹೇಳಿ.

ಇನ್ನು ಗೇಟು. ಮುಂದೆ ಕೂರುವವರಿಗೆ ಹಿಂದಿನ ರಾತ್ರಿಯೇ ಒಂದು ಮಾತು ಹೇಳಿ, "ಇಷ್ಟು ಹೊತ್ತಿಗೆ ಗಾಡಿ ತೆಗೀತೀವಿ" ಅಂತ. ಗೋಣಿ ಸರಿಸಲು ಎರಡು ನಿಮಿಷ. ಸರಿಸದೇ ಇರುವುದು ಬೈಕ್ ನಿಲ್ಲಿಸಿ ಹೋದವನು, ಅವನು ಎಲ್ಲಿ ಜಾಯಿಂಟ್ ವೀಲ್ ಮೇಲೆ ಇರುತ್ತಾನೋ. ಪೀಪಿ ಮಾರುವವರೂ ನಾವಲ್ಲ. ನಮ್ಮ ಕಿವಿಗೂ ಊದುತ್ತಾರೆ ಸಾರ್.

ಎನ್.ಆರ್. ಕಾಲೋನಿ ಮಗಳು ಉತ್ತರ:

ಸಹಿ ವಿಷಯ ನಿಮಗೆ ಬಿಟ್ಟದ್ದು. ಡಯಾಲಿಸಿಸ್ ಬಗ್ಗೆ ಮಾತ್ರ ಹೇಳುತ್ತೇನೆ, ನನ್ನ ಅಮ್ಮನಿಗೂ ಅದೇ.

ಸೆಂಟರ್‌ನಲ್ಲಿ ಈಗಲೇ ಕೇಳಿ, ಆ ವಾರದ ಮಟ್ಟಿಗೆ ಬೆಳಗಿನ ಮೊದಲ ಪಾಳಿಗೆ ಹಾಕಿಕೊಡಿ ಅಂತ. ಕಡೇ ವಾರದಲ್ಲಿ ಕೇಳಿದರೆ ಸಿಗುವುದಿಲ್ಲ. ಆರಕ್ಕೆ ಹೋದರೆ ಹನ್ನೊಂದರೊಳಗೆ ವಾಪಸ್ ಬರಬಹುದು, ಜನ ಜಾಸ್ತಿ ಸೇರುವುದು ಸಂಜೆಗೆ. ದಿನ ಬದಲಾಯಿಸುವುದಾದರೆ ಡಾಕ್ಟರನ್ನು ಕೇಳದೆ ಬೇಡ. ನಡುವೆ ಅಂತರ ಜಾಸ್ತಿ ಆದರೆ ನೀರು ತುಂಬಿಕೊಂಡು ಉಸಿರಾಟದ ತೊಂದರೆ ಆಗುತ್ತದೆ. ಶುಕ್ರವಾರ ಆದ ಮೇಲೆ ಸೋಮವಾರದ ತನಕ ಹೇಗೂ ದೊಡ್ಡ ಅಂತರ. ಅದನ್ನು ಮಂಗಳವಾರಕ್ಕೆ ಎಳೆಯುವ ಮಾತು ಬೇಡವೇ ಬೇಡ.

ಕಾರನ್ನು ಭಾನುವಾರ ಸಂಜೆಯೇ ಮುಚ್ಚುವ ರಸ್ತೆಯ ಹೊರಗೆ ನಿಲ್ಲಿಸಿ. ಹಯವದನರಾವ್ ರಸ್ತೆ ಕಡೆಗೆ ಮಾತ್ರ ಬೇಡ, ತಿರುಗಿಸಿದ ಗಾಡಿಗಳೆಲ್ಲ ಅಲ್ಲೇ ನುಗ್ಗುತ್ತವೆ. ಮನೆಯಿಂದ ಅಲ್ಲಿಯವರೆಗೆ ವೀಲ್‌ಚೇರ್. ಮಾವನವರು ಒಪ್ಪುವುದಿಲ್ಲ ಅಂತ ಗೊತ್ತು, ನನ್ನ ಅಮ್ಮನೂ ಒಪ್ಪಿರಲಿಲ್ಲ. ವೀಲ್‌ಚೇರ್ ಕಂಡರೆ ಜನ ತಾವೇ ದಾರಿ ಬಿಡುತ್ತಾರೆ, ಹಿಡಿದುಕೊಂಡು ನಡೆದರೆ ಯಾರಿಗೂ ಕಾಣುವುದಿಲ್ಲ. ಕಿವಿಗೆ ಹತ್ತಿ ಇಡಿ.

ನಾಲ್ಕನೇ ಮನೆ ಸೊಸೆ ಮತ್ತೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಬಾಡಿಗೆದಾರರ ಅಮೆರಿಕದ ಕಡಲೆಕಾಯಿ ಮಾತಿಗೆ "ಹೋರಿಗೆ ಅದೆಲ್ಲ ಗೊತ್ತಿತ್ತಾ" ಅಂದರು. ಬಚ್ಚಲಿನ ಮಾತು ಬಂದಾಗ ಎದ್ದು ಒಳಗೆ ಹೋದರು. ಆಮೇಲೆ ನೋಡಿದರೆ ಹಿತ್ತಲಿನ ಬಚ್ಚಲಿಗೆ ಹೊಸ ಬಲ್ಬ್ ಹಾಕಿಸಿ ಅಂತ ನನ್ನ ಗಂಡನಿಗೆ ಹೇಳುತ್ತಿದ್ದರು. ಪರಿಷೆಗೆ ಇನ್ನೂ ಎಷ್ಟು ದಿನ ಇದೆ!

ಆ ಅರ್ಜಿಗೆ ಸಹಿ ಹಾಕಲಿಲ್ಲ. ವಾಪಸ್ ಕೊಡಲೂ ಇಲ್ಲ. ಹಿಂದುಗಡೆ ಖಾಲಿ ಇತ್ತು, ಅಲ್ಲೇ ಬೇರೆ ಬರೆದೆ. ಪ್ರತಿ ಕ್ರಾಸಿನಲ್ಲೂ ಆಂಬುಲೆನ್ಸ್ ಹೋಗುವಷ್ಟು ಒಂದು ಪಕ್ಕ ಖಾಲಿ ಬಿಡಬೇಕು. ಮನೆಯಲ್ಲಿ ರೋಗಿಗಳಿದ್ದರೆ ಠಾಣೆಯಿಂದ ಪಾಸ್ ಕೊಡಬೇಕು. ಪೀಪಿ ಮಾರುವುದನ್ನೇ ನಿಲ್ಲಿಸಬೇಕು, ಊದುವವರನ್ನು ಹಿಡಿದು ಪ್ರಯೋಜನವಿಲ್ಲ. ಹತ್ತಕ್ಕೆ ಸ್ಪೀಕರ್ ಬಂದ್. ಮಾರುವ ಹೆಂಗಸರಿಗೆ ಹತ್ತಿರದಲ್ಲೇ ಟಾಯ್ಲೆಟ್. ಐದು ದಿನ ಬೇಕೋ ಬೇಡವೋ ಅನ್ನುವುದನ್ನು ಬರೆದು ಹೊಡೆದು ಹಾಕಿದೆ. ಗೋಣಿಚೀಲದವರ ಮಳೆ ಮಾತು ಓದುವ ತನಕ ಒಂದೇ ದಿನ ಸಾಕು ಅನ್ನುತ್ತಿದ್ದೆ, ಈಗ ಯಾವ ಕಡೆ ನಿಲ್ಲಬೇಕೋ ಗೊತ್ತಾಗುತ್ತಿಲ್ಲ.

ಕಡೆಗೆ ಇನ್ನೊಂದು ಸಾಲು ಸೇರಿಸಿದೆ. ನಮ್ಮ ಬೀದಿಯ ಮನೆಯವರು ಪರಿಷೆ ದಿನಗಳಲ್ಲಿ ಗೇಟಿನ ಮುಂದೆ ದುಡ್ಡಿಗೆ ಪಾರ್ಕಿಂಗ್ ಮಾಡಿಸಬಾರದು ಅಂತ. ಅಂಕಲ್ ಕನ್ನಡಕ ಹಾಕಿಕೊಂಡು ಮೇಲಿಂದ ಓದಿದರು. ಪೀಪಿಗೆ ತಲೆ ಆಡಿಸಿದರು, ಟಾಯ್ಲೆಟ್ಟಿಗೂ ಆಡಿಸಿದರು. ಕೊನೇ ಸಾಲಿಗೆ ಬಂದು, "ಇದು ನಮ್ಮ ನಮ್ಮಲ್ಲೇ ಮಾತಾಡಿಕೊಳ್ಳೋ ವಿಷಯ ಅಲ್ವೇನಮ್ಮ, ಸರ್ಕಾರಕ್ಕೆ ಯಾಕೆ?" ಅಂದರು. ಹಾಗಾದರೆ ಈಗಲೇ ಮಾತಾಡೋಣ ಅಂಕಲ್ ಅಂದೆ. ಆಂಟಿ ಒಳಗಿನಿಂದ ಜೋರಾಗಿ ನಕ್ಕರು. ಭಾನುವಾರ ಮೀಟಿಂಗ್ ಕರೆದಿದ್ದಾರೆ.

ಬೆಳಿಗ್ಗೆ ಆರರ ಪಾಳಿ ಸೋಮವಾರಕ್ಕೂ ಬುಧವಾರಕ್ಕೂ ಸಿಕ್ಕಿದೆ, ಶುಕ್ರವಾರಕ್ಕೆ ನೋಡೋಣ ಅಂದಿದ್ದಾರೆ. ವೀಲ್‌ಚೇರ್‌ಗೆ ಮಾವ ಇನ್ನೂ ಒಪ್ಪಿಲ್ಲ. ಡಾಕ್ಟರನ್ನು ಕೇಳಿ ಎರಡು ಕಾಯಿ ಕೊಡಿಸಿದರೆ ಕೂರುತ್ತಾರಂತೆ. ವ್ಯಾಪಾರ ನಡೆಯುತ್ತಿದೆ.

ಕಾರು ನಿಲ್ಲಿಸಲು ಜಾಗ ಇನ್ನೂ ಸಿಕ್ಕಿಲ್ಲ. ಭಾನುವಾರ ಸಂಜೆಯಿಂದ ಬೇಕು, ಸಣ್ಣ ಕಾರು. ಎನ್.ಆರ್. ಕಾಲೋನಿ ಅಥವಾ ತ್ಯಾಗರಾಜನಗರದ ಕಡೆ ಯಾರದಾದರೂ ಗೇಟಿನೊಳಗೆ ಜಾಗ ಇದ್ದರೆ ಹೇಳಿ.

ಮೂರನೇ ಮಹಡಿ ಬಾಡಿಗೆದಾರ ಉತ್ತರ:

ನಾನು ಆ ವಾರ ಊರಿಗೆ ಓಡುತ್ತಿದ್ದೇನೆ, ನನ್ನ ಪಾರ್ಕಿಂಗ್ ಖಾಲಿ. ಆದರೆ ಅದು ಮುಚ್ಚುವ ರಸ್ತೆಯ ಒಳಗೇ ಇದೆ, ನಿಮಗೆ ಉಪಯೋಗವಿಲ್ಲ. ನಿಮ್ಮ ಹೊಸ ಅರ್ಜಿ ಕಳಿಸಿ, ಅದಕ್ಕೂ ಸಹಿ ಹಾಕುತ್ತೇನೆ.

ಎನ್.ಆರ್. ಕಾಲೋನಿ ಮಗಳು ಉತ್ತರ:

ನಮ್ಮ ಕಾಂಪೌಂಡಿನಲ್ಲಿ ಒಂದು ಸಣ್ಣ ಕಾರು ಹಿಡಿಯುತ್ತದೆ, ಸ್ಕೂಟರ್ ಹೊರಗೆ ಹಾಕುತ್ತೇವೆ. ಗೇಟಿನ ಅಗಲ ಕಡಿಮೆ, ಕನ್ನಡಿ ಮಡಚಿ ಒಳಗೆ ಬರಬೇಕು. ಮೆಸೇಜ್ ಮಾಡಿ.